ಸಣ್ಣ ವ್ಯಾಪಾರಕ್ಕೊಂದು ಜಾಲಪುಟ



ಅಕ್ಕಲಕೋಟೆಗೆ ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ಭಕ್ತರನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಪುಣೆಯಿಂದ, ಮುಂಬಯಿಯಿಂದ, ನಾಶಿಕದಿಂದ ಬರುತ್ತಾರೆ. ದರ್ಶನ ಮುಗಿಸಿ ಹೊರಡುವ ಮುಂಚೆ ಒಂದು ಕಟ್ಟು ಕಡಕ್ ರೊಟ್ಟಿ, ಒಂದು ಪೊಟ್ಟಣ ಶೇಂಗಾ ಹಿಂಡಿ ಕೊಳ್ಳುತ್ತಾರೆ. ಮನೆಗೆ ಹೋಗಿ ತಿಂದು ಮೆಚ್ಚುತ್ತಾರೆ. ನಾಲ್ಕು ದಿನಕ್ಕೆ ಕಟ್ಟು ಖಾಲಿಯಾಗುತ್ತದೆ. ಮತ್ತೆ ತರಿಸೋಣವೆಂದು ಪೊಟ್ಟಣ ತಿರುಗಿಸಿ ನೋಡಿದರೆ ಅದರ ಮೇಲೆ ಏನೂ ಇಲ್ಲ. ಹೆಸರಿಲ್ಲ, ಊರಿಲ್ಲ, ಫೋನ್ ಸಂಖ್ಯೆಯಿಲ್ಲ. ಬರಿಯ ಪ್ಲಾಸ್ಟಿಕ್ಕು, ಬಾಯಿಗೆ ಕಟ್ಟಿದ ರಬ್ಬರು.

ನನ್ನ ತಂಗಿ ಅಂಥ ರೊಟ್ಟಿಯನ್ನೇ ಹನ್ನೆರಡು ವರ್ಷ ಬಡಿದಳು. ರೊಟ್ಟಿ ಅವಳದು, ಹೆಸರು ಮಾತ್ರ ಬೇರೆಯವರದು. ವಾರಕ್ಕೆರಡು ಸಲ ಒಬ್ಬ ವ್ಯಾಪಾರಿ ಬಂದು ಎಣಿಸಿಕೊಂಡು ಹೋಗಿ, ತನ್ನ ಚೀಟಿ ಅಂಟಿಸಿ, ಹೆಚ್ಚುಕಡಿಮೆ ಎರಡರಷ್ಟು ಬೆಲೆಗೆ ಮಾರುತ್ತಿದ್ದ. ಅವನನ್ನು ಬೈಯುವುದರಲ್ಲಿ ಅರ್ಥವಿಲ್ಲ. ಗಿರಾಕಿಯನ್ನು ಹುಡುಕುವ ಕೆಲಸ ಅವನು ಮಾಡುತ್ತಿದ್ದ, ಅದರ ಕೂಲಿ ತೆಗೆದುಕೊಳ್ಳುತ್ತಿದ್ದ. ಆ ಕೆಲಸವನ್ನು ಸ್ವಲ್ಪಮಟ್ಟಿಗಾದರೂ ನಾವೇ ಮಾಡಿಕೊಳ್ಳಬಹುದೇ ಎಂಬುದು ನಮ್ಮ ಮನೆಯ ಪ್ರಶ್ನೆಯಾಗಿತ್ತು. ಇವತ್ತು ನಿಮ್ಮ ಮುಂದೆ ಇಡುವುದೂ ಅದೇ ಪ್ರಶ್ನೆಯನ್ನು. ತಂಗಿಯ ವ್ಯಾಪಾರದ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ. ಇದು ಜಾಹೀರಾತಿನ ಹೊತ್ತಲ್ಲ.

ಮೊದಲು ಈ ಬ್ಲಾಗ್ ಎಂಬ ಮಾತಿನ ಬಗ್ಗೆ. ಕೇಳಿದ ಕೂಡಲೇ ಅದು ಓದಿದ ಹುಡುಗರ ಹವ್ಯಾಸ, ನಮಗಲ್ಲ ಎನ್ನಿಸುತ್ತದೆ. 1997ರಲ್ಲಿ ಜಾರ್ನ್ ಬಾರ್ಗರ್ ಎಂಬ ಅಮೆರಿಕದವನು ವೆಬ್‌ಲಾಗ್ ಎಂಬ ಪದವನ್ನು ಬಳಕೆಗೆ ತಂದ. ಲಾಗ್ ಎಂದರೆ ಹಡಗಿನವರು ದಿನದಿನವೂ ಬರೆದಿಡುತ್ತಿದ್ದ ದಾಖಲೆ. ಎರಡು ವರ್ಷ ಕಳೆದ ಮೇಲೆ ಅದು ಕಿರಿದಾಗಿ ಬ್ಲಾಗ್ ಆಯಿತು. ನಮ್ಮ ಅಂಗಡಿಕಾರರು ಕಿರ್ದಿ ಬರೆಯುತ್ತಾರಲ್ಲ, ತಾರೀಖು ಹಾಕಿ, ಇವತ್ತಿನದು ಇವತ್ತು? ಅದೇ ಪದ್ಧತಿ. ಕಿರ್ದಿಯಲ್ಲಿ ದುಡ್ಡಿನ ಲೆಕ್ಕ, ಇಲ್ಲಿ ಮಾತಿನ ಲೆಕ್ಕ. ಕಿರ್ದಿಯನ್ನು ಗಲ್ಲೆಯ ಕೆಳಗೆ ಮುಚ್ಚಿಡುತ್ತೀರಿ, ಇದನ್ನು ಬಾಗಿಲಲ್ಲಿ ತೆರೆದಿಡುತ್ತೀರಿ. ವ್ಯತ್ಯಾಸ ಅಷ್ಟೇ.

ಅಂಗಡಿಕಾರ ಬರೆಯುವುದೇನನ್ನು? ಇದಕ್ಕೆ ಒಂದು ನಿಜವಾದ ಕಥೆ ಹೇಳುತ್ತೇನೆ. ದೂರ ದೇಶದ ಕಥೆ, ವಸ್ತುವೂ ನಮ್ಮದಲ್ಲ. ಆದರೂ ಪೂರ್ತಿ ಕೇಳಿ.

ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಮಾರ್ಕಸ್ ಶೆರಿಡನ್ ಎಂಬವನಿದ್ದಾನೆ. ಗೆಳೆಯರಿಬ್ಬರ ಜೊತೆ ಸೇರಿ ಅವನು ಮಾಡುತ್ತಿದ್ದುದು ಮನೆಯ ಹಿತ್ತಲಲ್ಲಿ ಈಜುಕೊಳ ಕೂರಿಸುವ ವ್ಯಾಪಾರ. ಫೈಬರ್ ಗಾಜಿನ ದೊಡ್ಡ ತೊಟ್ಟಿ ತಂದು ನೆಲ ಅಗೆದು ಕೂರಿಸುವುದು. 2008ರ ಕೊನೆಯಲ್ಲಿ ಅಲ್ಲಿ ಬ್ಯಾಂಕುಗಳು ಬಿದ್ದವು. ಸಾಲ ತೆಗೆದು ಕೊಳ ಕಟ್ಟಿಸುವವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಮುಂಗಡ ಕೊಟ್ಟವರು ಅದನ್ನು ವಾಪಸು ಕೇಳಿದರು. ಅಂಗಡಿ ಮುಚ್ಚುವ ಸ್ಥಿತಿ. ಜಾಹೀರಾತಿಗೆ ದುಡ್ಡಿಲ್ಲ. 2009ರಲ್ಲಿ ಅವನು ಮಾಡಿದ್ದು ಇಷ್ಟು: ವರ್ಷಗಳಿಂದ ಗಿರಾಕಿಗಳು ತನಗೆ ಕೇಳಿದ ಪ್ರಶ್ನೆಗಳನ್ನೆಲ್ಲ ಪಟ್ಟಿ ಮಾಡಿದ. ರಾತ್ರಿ ಊಟವಾದ ಮೇಲೆ ಅಡುಗೆಮನೆಯ ಮೇಜಿಗೆ ಕೂತು ಒಂದೊಂದು ಪ್ರಶ್ನೆಗೆ ಒಂದೊಂದು ಉತ್ತರ ಬರೆದು ತನ್ನ ಜಾಲಪುಟದಲ್ಲಿ ಹಾಕತೊಡಗಿದ.

ಮೊದಲನೆಯದೇ ಬೆಲೆಯ ಪ್ರಶ್ನೆ. ಈಜುಕೊಳಕ್ಕೆ ಎಷ್ಟಾಗುತ್ತದೆ? ಅವನ ಕಸುಬಿನವರು ಯಾರೂ ಇದನ್ನು ಬರೆದು ಹೇಳುತ್ತಿರಲಿಲ್ಲ. ನಮ್ಮಲ್ಲೂ ಹಾಗೆಯೇ ಅಲ್ಲವೇ? ರೇಟ್ ಎಷ್ಟು ಎಂದು ಕೇಳಿದರೆ, ‘ಬನ್ನಿ, ಕೂತ್ಕೊಳ್ಳಿ, ಮಾಲು ನೋಡ್ರಿ ಮೊದಲು’ ಎನ್ನುತ್ತೇವೆ. ಶೆರಿಡನ್ ಸುತ್ತಿ ಬಳಸದೆ ಬರೆದ: ಇಂಥದಕ್ಕೆ ಇಷ್ಟರಿಂದ ಇಷ್ಟು, ಹೆಚ್ಚಾಗುವುದು ಈ ಕಾರಣಕ್ಕೆ, ಕಡಿಮೆಯಾಗುವುದು ಈ ಕಾರಣಕ್ಕೆ. ಜನ ಗಣಕಯಂತ್ರದಲ್ಲಿ ಬೆಲೆ ಹುಡುಕಿದಾಗಲೆಲ್ಲ ಅವನ ಪುಟವೇ ಮೇಲೆ ಬರತೊಡಗಿತು, ಏಕೆಂದರೆ ಉತ್ತರವಿದ್ದದ್ದು ಅಲ್ಲೊಂದೇ. ಆ ಒಂದು ಬರಹದಿಂದ ಹದಿನೇಳು ಲಕ್ಷ ಡಾಲರಿಗೆ ಕಡಿಮೆಯಿಲ್ಲದ ವ್ಯಾಪಾರವಾಯಿತೆಂದು 2013ರಲ್ಲಿ ಅವನು ಪತ್ರಿಕೆಯವರಿಗೆ ಹೇಳಿದ. ಅದು ಅವನದೇ ಲೆಕ್ಕ. ಅರ್ಧ ಕಳೆದರೂ ದೊಡ್ಡ ಮೊತ್ತವೇ.

ನನಗೆ ಹೆಚ್ಚು ಹಿಡಿಸಿದ್ದು ಅವನ ಬೇರೆ ಎರಡು ಬರಹಗಳು. ಒಂದರಲ್ಲಿ ತಾನು ಮಾರುವ ಕೊಳದ ದೋಷಗಳನ್ನೇ ಬರೆದ. ಇನ್ನೊಂದರಲ್ಲಿ ರಿಚ್ಮಂಡ್ ನಗರದಲ್ಲಿ ಒಳ್ಳೆಯ ಕೊಳ ಕಟ್ಟುವವರು ಯಾರು ಎಂಬ ಪ್ರಶ್ನೆಗೆ ಎದುರಾಳಿ ಕಂಪನಿಗಳ ಹೆಸರುಗಳನ್ನು ಕೊಟ್ಟ. ತನ್ನ ಹೆಸರನ್ನು ಸೇರಿಸಲಿಲ್ಲ. ಹುಚ್ಚು ಎನ್ನಿಸುತ್ತದೆ. ಆದರೆ ಯೋಚಿಸಿ ನೋಡಿ. ಇಷ್ಟು ನೇರವಾಗಿ ಹೇಳುವವನನ್ನು ಒಮ್ಮೆ ಮಾತಾಡಿಸಿ ನೋಡೋಣ ಎಂದು ನಿಮಗೂ ಅನ್ನಿಸುವುದಿಲ್ಲವೇ? 2017ರಲ್ಲಿ ಅವನು ಇದನ್ನೆಲ್ಲ ಒಂದು ಪುಸ್ತಕ ಮಾಡಿದ. ಅವರು ಕೇಳುತ್ತಾರೆ, ನೀವು ಉತ್ತರಿಸಿ ಎಂದು ಅದರ ಹೆಸರಿನ ಅರ್ಥ.

ಈಗ ನಮ್ಮ ರೊಟ್ಟಿಗೆ ಬರೋಣ. ನಾನು ತಂಗಿಯ ಬಳಿ ಕೂತು, ನಿನಗೆ ಗಿರಾಕಿಗಳು ಏನೇನು ಕೇಳುತ್ತಾರೆ ಹೇಳು ಎಂದೆ. ಅವಳು ರೊಟ್ಟಿ ಬಡಿಯುತ್ತಲೇ ಹೇಳುತ್ತ ಹೋದಳು. ಎಷ್ಟು ದಿನ ಇರುತ್ತದೆ? ಎಣ್ಣೆ ಹಾಕಿದ್ದೀರಾ? ಹಿಂಡಿ ಎಷ್ಟು ಖಾರ? ನಾವು ಮನೆಯಲ್ಲಿ ಮಾಡಿದರೆ ರೊಟ್ಟಿ ಸೀಳುತ್ತದೆ, ಯಾಕೆ? ಕೊರಿಯರಿನಲ್ಲಿ ಕಳಿಸಿದರೆ ಒಡೆಯುತ್ತದೆಯೇ?

ಒಡೆಯುತ್ತದೆಯೇ ಎಂಬುದಕ್ಕೆ ಏನು ಬರೆಯೋಣ ಎಂದೆ. ಒಡೆಯುವುದಿಲ್ಲ ಅಂತ ಬರಿ ಎಂದಳು. ನಿಜವಾಗಿ? ಎಂದೆ. ಸುಮ್ಮನಾದಳು. ಕೊನೆಗೆ ಬರೆದದ್ದು ಹೀಗೆ: ‘ಹೌದು, ಪ್ರತಿ ಕಟ್ಟಿನಲ್ಲೂ ಕೆಲವು ಒಡೆಯುತ್ತವೆ. ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿ ಬಿಗಿಯಾಗಿ ಕೂರಿಸಿ ಕಳಿಸುತ್ತೇವೆ, ಆದರೂ ಒಡೆಯುತ್ತವೆ. ಒಡೆದ ಚೂರನ್ನು ಮಜ್ಜಿಗೆಯಲ್ಲಿ ನೆನೆಸಿ ಹಿಂಡಿ ಕಲಸಿ ತಿನ್ನಿ. ನಮ್ಮ ಮನೆಯಲ್ಲಿ ಮಕ್ಕಳು ಅದನ್ನೇ ಕೇಳಿ ತಿನ್ನುತ್ತಾರೆ.’ ಇದನ್ನು ಓದಿದ ಮುಂಬಯಿಯ ಒಬ್ಬ ಹೆಂಗಸು ಫೋನ್ ಮಾಡಿ, ‘ನಿಮ್ಮಲ್ಲಿ ಒಡೆದ ರೊಟ್ಟಿ ಬೇರೆಯಾಗಿ ಸಿಗುತ್ತದಾ?’ ಎಂದು ಕೇಳಿದರು. ನಾವು ಹಸುವಿಗೆ ಹಾಕುತ್ತಿದ್ದ ಚೂರಿಗೂ ಗಿರಾಕಿ ಸಿಕ್ಕರು.

ರೊಟ್ಟಿ ಯಾಕೆ ಸೀಳುತ್ತದೆ ಎಂಬ ಬರಹವನ್ನು ಜನ ಎಲ್ಲಕ್ಕಿಂತ ಹೆಚ್ಚು ಓದಿದರು. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಆದ್ದರಿಂದ ಕುದಿಯುವ ನೀರು ಹಾಕಿ ನಾದಬೇಕು, ಹಿಟ್ಟು ಹೊಸದಾಗಿ ಬೀಸಿದ್ದಿರಬೇಕು. ಹಳೆಯದಾದರೆ ಜಿಗಿ ಹೋಗುತ್ತದೆ. ನಿಮ್ಮ ಮನೆಯ ಹೆಣ್ಣುಮಕ್ಕಳಿಗೆ ಇದು ಹೇಳಿಕೊಡಬೇಕಾದ ವಿಷಯವೇ ಅಲ್ಲ. ಆದರೆ ಪುಣೆಯಲ್ಲಿ ಕೂತು ಪ್ಯಾಕೆಟ್ ಹಿಟ್ಟು ತಂದು ಒದ್ದಾಡುವವರಿಗೆ ಇದು ದೊಡ್ಡ ವಿದ್ಯೆ. ನಮಗೆ ಸದರವಾದದ್ದೇ ಇನ್ನೊಬ್ಬರಿಗೆ ಬೇಕಾದದ್ದು. ಹೀಗೆ ಬರೆಯುವಾಗ ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಸೂಚನೆಯ ಮಾನ್ಯತೆ ಸಿಕ್ಕ ವಿಷಯವನ್ನೂ ಒಂದು ಸಾಲು ಸೇರಿಸಿದೆವು. ಆದರೆ ಒಂದು ಎಚ್ಚರ. ಮಾನ್ಯತೆಯಿದೆಯೆಂದು ಎಲ್ಲ ಜೋಳಕ್ಕೂ ಆ ಹೆಸರು ಹಚ್ಚುವಂತಿಲ್ಲ. ನಾವು ಕೊಂಡದ್ದು ಅಲ್ಲಿಯದಾದರೆ ಅಲ್ಲಿಯದು, ಇಲ್ಲದಿದ್ದರೆ ಇಲ್ಲ. ಸೋಲಾಪುರದ ಚಾದರಕ್ಕೂ ಅಂಥ ಮಾನ್ಯತೆಯಿದೆ. ಆದರೂ ಬೇರೆಲ್ಲೋ ನೇಯ್ದದ್ದನ್ನು ಆ ಹೆಸರಿನಲ್ಲಿ ಮಾರುವವರಿದ್ದಾರೆ. ಅಸಲು ಯಾವುದು, ಅಂಚನ್ನು ಹೇಗೆ ನೋಡಬೇಕು, ಒಗೆದ ಮೇಲೆ ಏನಾಗುತ್ತದೆ ಎಂದು ನೇಕಾರನೇ ತನ್ನ ಪುಟದಲ್ಲಿ ಬರೆದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಉಂಟೇ?

ಬರೆಯಲು ಬರುವುದಿಲ್ಲ ಎನ್ನುವವರಿದ್ದಾರೆ. ತಂಗಿ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಈಗಿನ ಮೊಬೈಲಿಗೆ ಕನ್ನಡದಲ್ಲಿ ಮಾತಾಡಿದರೆ ಅದೇ ಅಕ್ಷರ ಮಾಡಿಕೊಡುತ್ತದೆ. ತಪ್ಪು ಬರುತ್ತದೆ, ನಮ್ಮ ಕಡೆಯ ಮಾತನ್ನು ಅದು ಒಮ್ಮೊಮ್ಮೆ ಬೆಂಗಳೂರಿನ ಮಾತು ಮಾಡಿಬಿಡುತ್ತದೆ. ನಾನು ಕೂತು ತಿದ್ದುತ್ತೇನೆ. ಆದರೆ ಅವಳ ಮಾತಿನ ಧಾಟಿಯನ್ನು ತಿದ್ದುವುದಿಲ್ಲ. ಒಮ್ಮೆ ತಿದ್ದಿ ಪಠ್ಯಪುಸ್ತಕದ ಭಾಷೆ ಮಾಡಿದ್ದೆ. ‘ಇದು ಯಾರ ಮಾತಣ್ಣಾ?’ ಎಂದು ಕೇಳಿದಳು.

ಇಷ್ಟೆಲ್ಲ ಸಲೀಸಾಗಿ ಆಯಿತೆಂದು ತಿಳಿಯಬೇಡಿ. ನಾವು ಮೊದಲು ಮಾಡಿಸಿದ ಜಾಲಪುಟ ಪೂರ್ತಿ ಮುಳುಗಿತು. ನಗರದ ಒಬ್ಬರಿಗೆ ದುಡ್ಡು ಕೊಟ್ಟು ಮಾಡಿಸಿದ್ದೆವು. ನೋಡಲು ಚಂದವಿತ್ತು. ತೆರೆದರೆ ಚಿತ್ರಗಳು ಜಾರುತ್ತ ಬರುತ್ತಿದ್ದವು, ಹಿಂದೆ ಕೊಳಲಿನ ಸಂಗೀತ. ಆದರೆ ಫೋನ್ ಸಂಖ್ಯೆ ಸಿಗಬೇಕಾದರೆ ಮೂರು ಕಡೆ ಒತ್ತಬೇಕು. ಒಂದೊಂದು ಫೋಟೋ ನಾಲ್ಕೈದು ಎಂಬಿ ಭಾರ. ಹಳ್ಳಿಯ ಸಿಗ್ನಲ್ಲಿನಲ್ಲಿ ಪುಟ ತೆರೆಯುವಷ್ಟರಲ್ಲಿ ಒಲೆಯ ಮೇಲಿನ ರೊಟ್ಟಿ ಸೀಯುತ್ತಿತ್ತು. ಅದೇ ಫೋಟೋವನ್ನು ಇನ್ನೂರು ಕೆಬಿಯೊಳಗೆ ಇಳಿಸಿದರೂ ಮೊಬೈಲಿನಲ್ಲಿ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ ಎಂಬುದು ನಮಗೆ ಆಮೇಲೆ ತಿಳಿಯಿತು.

ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದು. ಜಾಲಪುಟದ ಹೆಸರನ್ನು, ಡೊಮೇನ್ ಎನ್ನುತ್ತಾರಲ್ಲ ಅದನ್ನು, ಅವರು ತಮ್ಮ ಹೆಸರಿನಲ್ಲೇ ನೋಂದಾಯಿಸಿದ್ದರು. ಅದಕ್ಕೆ ಕಾಲಕಾಲಕ್ಕೆ ಶುಲ್ಕ ಕಟ್ಟುತ್ತಿರಬೇಕು. ಎರಡನೆಯ ವರ್ಷ ಅವರ ಫೋನು ಹತ್ತಲಿಲ್ಲ. ಶುಲ್ಕ ಕಟ್ಟದೆ ಹೆಸರು ಕೈಬಿಟ್ಟಿತು. ಅಷ್ಟರಲ್ಲಿ ಪೊಟ್ಟಣದ ಮೇಲೆ ಆ ವಿಳಾಸ ಅಚ್ಚು ಹಾಕಿಸಿ ಸಾವಿರ ಚೀಟಿ ಮಾಡಿಸಿದ್ದೆವು. ಹೊಲ ಕೊಂಡವನು ಉತಾರ ಯಾರ ಹೆಸರಿನಲ್ಲಿದೆ ಎಂದು ನೋಡದೆ ಬಿತ್ತುತ್ತಾನೆಯೇ? ನಾವು ಹಾಗೆ ಬಿತ್ತಿದೆವು. ಆದ್ದರಿಂದ ಬೇರೇನನ್ನು ಮರೆತರೂ ಇದನ್ನು ಮರೆಯಬೇಡಿ: ಹೆಸರು ನಿಮ್ಮದು, ಇಮೇಲ್ ನಿಮ್ಮದು, ಗುಪ್ತಪದ ನಿಮ್ಮದು. ಮಾಡಿಕೊಡುವವರು ಯಾರಾದರೂ ಇರಲಿ.

ಎರಡನೆಯ ಸಲ ನಾವು ಪುಕ್ಕಟೆ ಸಿಗುವ ಬ್ಲಾಗಿನಲ್ಲೇ ಮಾಡಿಕೊಂಡೆವು. ಬ್ಲಾಗರ್ ಎಂಬುದು 1999ರಿಂದ ಇದೆ, ವರ್ಡ್‌ಪ್ರೆಸ್ 2003ರಿಂದ. ಬಿಳಿ ಹಿನ್ನೆಲೆ, ಕಪ್ಪು ಅಕ್ಷರ. ಮೇಲೆಯೇ ಹೆಸರು, ಊರು, ಫೋನು, ಪಾರ್ಸೆಲ್ ಕಳಿಸುವ ವಾರ. ಕೆಳಗೆ ಬರಹಗಳು. ಸಂಗೀತವಿಲ್ಲ.

ಗಡಿಯಲ್ಲಿರುವ ನಮಗೆ ಇನ್ನೊಂದು ಪ್ರಶ್ನೆಯಿದೆ. ಯಾವ ಭಾಷೆಯಲ್ಲಿ ಬರೆಯಬೇಕು? ಮನೆಯಲ್ಲಿ ಕನ್ನಡ, ಬಾಜಾರದಲ್ಲಿ ಮರಾಠಿ. ಕಾಸರಗೋಡಿನಲ್ಲಿ ಹಲಸಿನ ಹಪ್ಪಳ ಮಾಡುವವರಿಗೆ ಕನ್ನಡ, ಮಲಯಾಳ. ಹೊಸೂರಿನವರಿಗೆ ತಮಿಳು, ತೆಲುಗು ಎರಡೂ. ನಮ್ಮ ಮನೆಯಲ್ಲಿ ಇದರ ಮೇಲೆ ವಾದವೇ ನಡೆಯಿತು. ಅಳಿಯ, ಗಿರಾಕಿ ಪುಣೆಯವರು, ಮರಾಠಿ ಸಾಕು ಎಂದ. ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತನಾದ ನನಗೆ ಅದು ಸರಿಕಾಣಲಿಲ್ಲ. ಕೊನೆಗೆ ತೀರ್ಪು ಕೊಟ್ಟದ್ದು ಭಾಷಾಭಿಮಾನವಲ್ಲ, ಗಿರಾಕಿ ಹುಡುಕುವ ರೀತಿ. ನಾವು ಶೇಂಗಾ ಹಿಂಡಿ ಎನ್ನುವುದನ್ನು ಮರಾಠಿಯವರು ಶೇಂಗಾ ಚಟಣಿ ಎಂದು ಹುಡುಕುತ್ತಾರೆ. ಬೆಂಗಳೂರಿನವರು ಕಡಲೇಬೀಜದ ಚಟ್ನಿಪುಡಿ ಎನ್ನುತ್ತಾರೆ. ಅಲ್ಲಿಯ ಹಲವರಿಗೆ ಹಿಂಡಿ ಎಂದರೆ ದನಕ್ಕೆ ಹಾಕುವುದು! ರೊಟ್ಟಿಗೆ ಮರಾಠಿಯಲ್ಲಿ ಭಾಕರಿ. ಜೋಳ ಎಂದರೆ ಹಳೆಯ ಮೈಸೂರಿನ ಕಡೆ ಕೆಲವರು ಮುಸುಕಿನ ಜೋಳ ಎಂದುಕೊಳ್ಳುತ್ತಾರೆ, ಅದಕ್ಕೇ ಬಿಳಿಜೋಳ ಎಂದು ಬಿಡಿಸಿ ಬರೆಯಬೇಕು. ಇಷ್ಟು ಹೆಸರುಗಳನ್ನು ಹುಟ್ಟಿನಿಂದಲೇ ಬಲ್ಲವರು ಯಾರು? ಗಡಿಯವರೇ. ನಗರದ ಜಾಹೀರಾತು ಕಂಪನಿಗೆ ದುಡ್ಡು ಕೊಟ್ಟರೂ ಸಿಗದ ಬಂಡವಾಳ ಇದು.

ಆದರೆ ಎರಡು ಭಾಷೆಯನ್ನು ಒಂದೇ ಪುಟದಲ್ಲಿ ಕಲಸಬೇಡಿ. ಕನ್ನಡಕ್ಕೆ ಒಂದು ಪುಟ, ಮರಾಠಿಗೆ ಒಂದು, ಮೇಲೆ ಅದರಿಂದ ಇದಕ್ಕೆ ಹೋಗುವ ದಾರಿ. ಹುಡುಕುಯಂತ್ರಕ್ಕೂ ಇದು ಸುಲಭ, ಓದುವವರಿಗೂ ಸುಲಭ. ಯಂತ್ರದಿಂದ ಅನುವಾದ ಮಾಡಿಸಿ ಹಾಗೆಯೇ ಹಾಕುವುದಂತೂ ಬೇಡ. ಎರಡೂ ಭಾಷೆ ಬರುವ ನಾವು ಆ ಕೆಲಸಕ್ಕೆ ಯಂತ್ರದ ಮುಂದೆ ಕೈಯೊಡ್ಡಬೇಕೇ?

ಕನ್ನಡದಲ್ಲಿ ಹಾಕುವವರಿಗೆ ಒಂದು ತಾಂತ್ರಿಕ ಮಾತು. ಲಗ್ನಪತ್ರಿಕೆ ಮಾಡುವ ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ಹಲವರು ಹಳೆಯ ಪದ್ಧತಿಯ ಫಾಂಟುಗಳಲ್ಲಿ ಅಕ್ಷರ ಜೋಡಿಸುತ್ತಾರೆ. ಕಾಗದದ ಮೇಲೆ ಅದು ಸೊಗಸಾಗಿ ಬರುತ್ತದೆ. ಜಾಲಪುಟಕ್ಕೆ ಅದನ್ನೇ ಅಂಟಿಸಿದರೆ ಕನ್ನಡವೇ ಕಾಣುವುದಿಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಬರುತ್ತದೆ. ಯೂನಿಕೋಡ್ ಎಂಬ ಜಾಗತಿಕ ಪದ್ಧತಿಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಜಾಗವಿದೆ. ಮೊಬೈಲಿನಲ್ಲಿ ಬರೆದದ್ದೆಲ್ಲ ಯೂನಿಕೋಡೇ. ಡಿಟಿಪಿಯವರ ಬಳಿ ಮಾಡಿಸಿದರೆ ಯೂನಿಕೋಡಿಗೆ ಪರಿವರ್ತಿಸಿಕೊಡಿ ಎಂದು ಕೇಳಿ ಪಡೆಯಿರಿ. ಹಾಗೆಯೇ ಬೆಲೆ, ವಿಳಾಸಗಳನ್ನು ಬಣ್ಣದ ಚಿತ್ರದೊಳಗೆ ಮಾತ್ರ ಬರೆಸಿ ಬಿಡಬೇಡಿ. ಅಕ್ಷರ ಅಕ್ಷರವಾಗಿಯೇ ಇದ್ದರೆ ಹುಡುಕಿದವರಿಗೆ ಸಿಗುತ್ತದೆ.

ಇಷ್ಟೆಲ್ಲ ಯಾಕೆ, ವಾಟ್ಸಾಪಿನಲ್ಲಿ ಹಾಕಿದರೆ ಸಾಲದೇ, ವಿಡಿಯೋ ಮಾಡಿ ಬಿಟ್ಟರೆ ಸಾಲದೇ ಎಂದು ಕೇಳುವಿರಿ. ಅದನ್ನೂ ಮಾಡಿ. ಆದರೆ ಅದು ಬಾಡಿಗೆಯ ಜಾಗ. 2020ರ ಜೂನ್ 29ರಂದು ಭಾರತ ಸರಕಾರ ಚೀನಾ ಮೂಲದ 59 ಆ್ಯಪುಗಳನ್ನು ನಿಷೇಧಿಸಿತು. ಟಿಕ್‌ಟಾಕ್ ಅದರಲ್ಲೊಂದು. ಅದರಲ್ಲಿಯೇ ಗಿರಾಕಿ ಕಟ್ಟಿಕೊಂಡಿದ್ದವರಿಗೆ ಬೆಳಗಾಗುವಷ್ಟರಲ್ಲಿ ಅಂಗಡಿಯೇ ಇರಲಿಲ್ಲ. ಪುಕ್ಕಟೆ ಬ್ಲಾಗೂ ಒಂದು ರೀತಿಯಲ್ಲಿ ಬಾಡಿಗೆಯದೇ, ಒಪ್ಪುತ್ತೇನೆ. ಆದರೆ ಬರಹಗಳನ್ನೆಲ್ಲ ಒಂದು ಗಂಟು ಮಾಡಿ ಇಳಿಸಿಟ್ಟುಕೊಳ್ಳಲು ಅಲ್ಲಿ ಅವಕಾಶವಿದೆ. ನಾನು ತಿಂಗಳಿಗೊಮ್ಮೆ ಇಳಿಸಿಡುತ್ತೇನೆ. ಗಿರಾಕಿಗಳ ಹೆಸರು ವಿಳಾಸ ಮಾತ್ರ ತಂಗಿಯ ಕೆಂಪು ರಟ್ಟಿನ ವಹಿಯಲ್ಲೇ ಇವೆ.

ಅಂತರಜಾಲದಲ್ಲಿ ಫೋನ್ ಸಂಖ್ಯೆ ಬಿದ್ದ ಮೇಲೆ ಗಿರಾಕಿಗಳ ಜೊತೆ ಠಕ್ಕರೂ ಬರುತ್ತಾರೆ. ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ. ತಂಗಿಗೆ ಒಂದು ದಿನ ಫೋನು ಬಂತು. ತಾನು ಸೈನ್ಯದವನು, ಐನೂರು ರೊಟ್ಟಿ ಬೇಕು, ದುಡ್ಡು ಮೊದಲೇ ಹಾಕುತ್ತೇನೆ ಎಂದ. ಹಿಂದಿಯಲ್ಲಿ ಬಹಳ ಗೌರವದಿಂದ ಮಾತಾಡಿದ. ಒಂದು ಚೌಕಟ್ಟಿನ ಚಿತ್ರ ಕಳಿಸಿ, ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ನಿಮ್ಮ ಖಾತೆಗೆ ಬರುತ್ತದೆ ಎಂದ. ಬಂಧುಗಳೇ, ದುಡ್ಡು ಬರಬೇಕಾದರೆ ಪಿನ್ ಒತ್ತುವ ಕೆಲಸವೇ ಇಲ್ಲ. ಪಿನ್ ಒತ್ತಿದರೆ ದುಡ್ಡು ಹೋಗುತ್ತದೆ. ಅವತ್ತು ಮೊಮ್ಮಗಳು ಪಕ್ಕದಲ್ಲಿದ್ದಳು, ಫೋನು ಕಸಿದುಕೊಂಡಳು, ಉಳಿಯಿತು. ಹೀಗೇನಾದರೂ ಆಗಿ ದುಡ್ಡು ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ಸೈಬರ್ ವಂಚನೆಯ ದೂರಿಗೆ ಇಡೀ ದೇಶಕ್ಕೆ ಅದೊಂದೇ ಸಂಖ್ಯೆ.

ತಿನ್ನುವ ಪದಾರ್ಥ ಮಾರುವವರು ಇನ್ನೊಂದನ್ನು ಮುಂಚೆಯೇ ಮಾಡಿಕೊಳ್ಳಬೇಕು. 2006ರ ಆಹಾರ ಸುರಕ್ಷತಾ ಕಾಯಿದೆಯ ಪ್ರಕಾರ ಮನೆಯಲ್ಲಿ ಮಾಡಿ ಮಾರುವವರಿಗೂ ನೋಂದಣಿ ಬೇಕು. 14 ಅಂಕಿಯ ಸಂಖ್ಯೆ ಸಿಗುತ್ತದೆ. ಅದನ್ನು ಪೊಟ್ಟಣದ ಮೇಲೂ ಪುಟದ ಮೇಲೂ ಹಾಕಿದ ಮೇಲೆ ದೂರದ ಗಿರಾಕಿಗಳ ಮಾತಿನ ಧಾಟಿ ಬದಲಾದದ್ದನ್ನು ನಾವೇ ಕಂಡೆವು.

ಇದರಿಂದ ತಂಗಿ ಶ್ರೀಮಂತಳಾದಳೇ ಎಂದರೆ, ಇಲ್ಲ. ಮೊದಲ ಐದು ತಿಂಗಳು ಆ ಪುಟವನ್ನು ನೋಡುತ್ತಿದ್ದವರು ನಾವೇ ಮನೆಯವರು. ಆಮೇಲೆ ತಿಂಗಳಿಗೆ ಒಂದೆರಡು ಫೋನು. ಈಗ ಅವಳು ಬಡಿಯುವುದರಲ್ಲಿ ಮೂರರಲ್ಲಿ ಒಂದು ಪಾಲು ನೇರವಾಗಿ ಹೋಗುತ್ತದೆ, ಉಳಿದದ್ದು ಇವತ್ತಿಗೂ ಆ ವ್ಯಾಪಾರಿಗೇ. ಆದರೆ ಹೋದ ದೀಪಾವಳಿಯ ಮುಂದೆ ಅವನು ಬಂದು ರೇಟ್ ಕಡಿಮೆ ಮಾಡಬೇಕು ಎಂದಾಗ, ‘ಆಗಲ್ಲ ಬಿಡ್ರಿ, ನನ್ನ ಗಿರಾಕಿಗೇ ಸಾಲವಲ್ಲದು’ ಎಂದಳಂತೆ. ಹನ್ನೆರಡು ವರ್ಷದಲ್ಲಿ ಮೊದಲ ಸಲ. ಅವನು ಹಳೆಯ ರೇಟಿಗೇ ಎಣಿಸಿಕೊಂಡು ಹೋದ.

ಹೋದ ವಾರ ಜತ್ತದ ಕಡೆಯಿಂದ ಒಬ್ಬ ಹುಡುಗಿ ಫೋನ್ ಮಾಡಿ, ತಾವೂ ರೊಟ್ಟಿಯ ವ್ಯಾಪಾರ ಮಾಡುತ್ತೇವೆ, ಪುಟ ಹೇಗೆ ಮಾಡುವುದು ಹೇಳಿಕೊಡುತ್ತೀರಾ ಎಂದು ಕೇಳಿದಳು. ಎದುರಾಳಿಗೆ ಹೇಳಿಕೊಡುವುದೇ ಎಂದು ಅಳಿಯ ಗೊಣಗಿದ. ತಂಗಿ ಅವಳಿಗೆ ಅರ್ಧ ತಾಸು ಹೇಳಿದಳು. ಕೊನೆಗೆ, ‘ಮೊದಲ ಹೆಸರು ನಿನ್ನ ಹೆಸರಿಲೇ ಮಾಡಿಸ್ಕೋ ತಂಗಿ’ ಎಂದು ಎರಡು ಸಲ ಹೇಳಿ ಫೋನು ಇಟ್ಟಳು.